ಎರ್ಸಿಲಿಯಾ ಗಂಡನಿಗೆ ಮಾತು ಕಲಿಸಿದ್ದು

ನಮ್ಮೂರು ಕೊಮಾಕ್ಯೊದ ಕಾಲುವೆ ದಂಡೆಯಲ್ಲಿ ಹಾವುಮೀನು ಮಾರುತ್ತಿದ್ದ ದೆಲ್ಮೊನ ಕೂಗು ಸೇತುವೆಯಾಚೆಗೂ ಕೇಳುತ್ತಿತ್ತು. ಲಕ್ವ ಹೊಡೆದು ಬಲಗೈ ಸೋತಿತು, ಮಾತು ನಿಂತೇಹೋಯಿತು. ಅವನ ಹೆಂಡತಿ ಎರ್ಸಿಲಿಯಾ ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಗಂಡನನ್ನೂ ಮೇಜಿನ ಮುಂದೆ ಕೂರಿಸಿ, ಪದ ಒಡೆದು, ತುಂಡಿಗೊಂದರಂತೆ ಎಡ ಅಂಗೈಯಿಂದ ಮೇಜು ತಟ್ಟಿಸತೊಡಗಿದಳು.

ಚಳಿಗಾಲ ಕಳೆಯುವಷ್ಟರಲ್ಲಿ ಕೆಲವು ಮಾತು ಬಂದವು. ಆದರೆ ದನಿಯ ಒತ್ತೆಲ್ಲ ಪದದ ಕೊನೆಗೇ ಬೀಳುತ್ತಿತ್ತು. ನಮ್ಮ ಭಾಷೆಯಲ್ಲಿ ‘ಮಾಂಜೊ’ ಎಂದರೆ ತಿನ್ನುತ್ತೇನೆ. ಒತ್ತು ಕೊನೆಗೆ ಜಾರಿ ‘ಮಂಜೋ’ ಆದರೆ, ಯಾವನೋ ಎಂದೋ ತಿಂದ ಎಂದಾಗುತ್ತದೆ. ಹಸಿದ ದೆಲ್ಮೊ ತಟ್ಟೆ ತೋರಿಸಿ ‘ಮಂಜೋ’ ಎನ್ನುತ್ತಿದ್ದ.

ಅವನ ಅಕ್ಕ ನಿವೆಸ್ ಅತ್ತೇಬಿಟ್ಟಳು. “ಸತ್ತೋರ ಸುದ್ದಿ ಹೇಳ್ದಂಗೆ ತನ್ನ ಸುದ್ದಿ ಹೇಳ್ತಾನಲ್ಲೇ!”

“ಬಿಡ್ತು ಅನ್ನಿ ಅತ್ಗೆ! ಒತ್ತು ಎಲ್ಲಿಡ್ಬೇಕು ಅಂತ ಮರ್ತಿದ್ದಾರೆ, ಅಷ್ಟೆ.”

ಮೊದಲ ತುಂಡಿಗೆ ಜೋರಾಗಿ ತಟ್ಟಿಸಿ ನೋಡಿದಳು. ದೆಲ್ಮೊ ಚಮಚ ಎಸೆದು ಗೋಡೆಯತ್ತ ತಿರುಗಿ ಕೂತ. ಆ ವಾರ ಪಾಠ ನಡೆಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಅವಳು ಪಕ್ಕದಲ್ಲೇ ಇದ್ದ ನಮ್ಮ ಬಾಗಿಲಿಗೆ ಬಂದು ದೋಣಿ ಕೇಳಿದಳು.

“ನಿಂಗೆ ಹುಟ್ಟು ಹಾಕೋಕೆ ಬರುತ್ತಾ?” ಎಂದೆ.

“ಇಲ್ಲ. ಅವರಿಗೆ ಬರುತ್ತಲ್ಲ.”

ಎಡಗೈಗೆ ಒಂದು ಹುಟ್ಟು ಅವನದು, ಪಕ್ಕದಲ್ಲಿ ಕೂತು ಇನ್ನೊಂದು ಅವಳದು. ಅವಳು ಒದ್ದಾಡುವುದನ್ನು ಕಂಡು ದೆಲ್ಮೊನಿಗೆ ಎಷ್ಟೋ ದಿನದ ಮೇಲೆ ನಗು ಬಂತು. “ಎಳೆಯೋವಾಗ ‘ರೇ’, ಬಿಡೋವಾಗ ‘ಮೊ’, ಅನ್ನಿ ನೋಡೋಣ,” ಎಂದಳು. ‘ರೇಮೊ’, ಹುಟ್ಟು ಹಾಕುತ್ತೇನೆ. ಹುಟ್ಟು ಎಳೆಯುವವನ ಬಲವೆಲ್ಲ ಮೊದಲಿಗೇ ತಾನೆ. ಉಪ್ಪುನೀರಿನ ಹಿನ್ನೀರು ದಾಟುವ ಹೊತ್ತಿಗೆ ಅವನ ಬಾಯಲ್ಲಿ ‘ರೇಮೊ’ ನೇರವಾಗಿ ಬಂತು. ಎರ್ಸಿಲಿಯಾ ಹುಟ್ಟು ಕೈಬಿಟ್ಟಳು. ದೋಣಿ ಗಿರ್ರನೆ ತಿರುಗಿತು.

ಅವನ ಹಳೆಯ ಕೂಗು ಮತ್ತೆ ಬರಲಿಲ್ಲ. ‘ನಾನು’ ಎಂದು ಹೇಳಿಕೊಳ್ಳುವಷ್ಟು ಮಾತು ಬಂತು, ನಿವೆಸ್‌ಳನ್ನು ಗದರುವಷ್ಟೂ ಬಂತು.

ಆ ವರ್ಷದ ಕ್ರಿಸ್ಮಸ್ ಹಿಂದಿನ ದಿನ ಕೆಂಡದ ಮೇಲೆ ಹಾವುಮೀನಿನ ಕೊಬ್ಬು ಚಟಚಟ ಎನ್ನುತ್ತಿತ್ತು. ದೆಲ್ಮೊ ಬೆರಳು ತೋರಿಸಿ, “ಕಂತಾನೊ,” ಎಂದ, ಹಾಡ್ತಾವೆ ಅಂತ. ‘ಕಾಂತನೊ’ ಎನ್ನಬೇಕಿತ್ತು, ಒತ್ತು ನಡುವೆ ಬಿದ್ದಿತ್ತು. ನಿವೆಸ್ ತಿದ್ದಲು ಬಾಯಿ ತೆರೆದಳು. ಜೀವಮಾನವೆಲ್ಲ ಊರ ಮಕ್ಕಳ ಮಾತು ತಿದ್ದಿದ್ದ ಎರ್ಸಿಲಿಯಾ ಮೆಕ್ಕೆಜೋಳದ ಪೊಲೆಂಟಾ ಮುದ್ದೆಯ ತಟ್ಟೆಯನ್ನು ಅವಳತ್ತ ತಳ್ಳಿ, “ಬಿಸಿ ಇರೋವಾಗ್ಲೇ ತಿನ್ನಿ ಅತ್ಗೆ,” ಎಂದಳು.