ನನ್ನ ಬಾಯಿಂದ ಬಂದ ಹೆಸರು

ಸತ್ತವರು ಬದುಕಿರುವವರ ಬಾಯಿಂದ ಮಾತಾಡುತ್ತಾರೆ ಎಂಬುದನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಕಂಡದ್ದನ್ನು ಅದೇ ದಿನ ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನ್ನದು. ಇದನ್ನೂ ಹಾಗೆಯೇ ಬರೆದಿಟ್ಟಿದ್ದೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಹಿಂದೆ ಕೊಟ್ಟೂರಿನ ನಮ್ಮ ಮನೆಗೆ ಹೆಳವರು ಎತ್ತಿನ ಮೇಲೆ ಬಂದು, ನಮ್ಮ ವಂಶದ ಹೆಸರುಗಳನ್ನು ಹಾಡಿ, ಕಾಳು ಪಡೆದು ಹೋಗುತ್ತಿದ್ದರಂತೆ. ನಾನು ಹುಟ್ಟುವ ಮೊದಲೇ ಅಜ್ಜ ಅವರು ಬರುವುದನ್ನು ನಿಲ್ಲಿಸಿ, ವಂಶಾವಳಿಯನ್ನು ತಾನೇ ಬರೆದಿಟ್ಟ. ಸಾಯುವ ಹಿಂದಿನ ವರ್ಷ ಆ ಕೆಲಸವನ್ನು ನನಗೆ ಒಪ್ಪಿಸಿದ. ಅಪ್ಪ, ಚಿಕ್ಕಪ್ಪ ಇದ್ದರೂ ನನ್ನನ್ನೇ ಆರಿಸಿದನೆಂದು ನನಗೆ ಬಹಳ ಹೆಮ್ಮೆ.

ಮೂರು ವರ್ಷದ ಹಿಂದೆ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ನಮ್ಮ ಮನೆಯಲ್ಲಿ ವಂಶಾವಳಿ ಇಟ್ಟುಕೊಂಡವರು ತೀರಿಹೋದವರ ಹೆಸರು ಒಂದೊಂದಾಗಿ ಕರೆಯಬೇಕು, ಒಂದೊಂದು ಹೆಸರಿಗೆ ಒಂದು ಎಡೆ ಇಡಬೇಕು. ನಾನು ಕರೆಯುತ್ತಿದ್ದೆ. ಅಪ್ಪನ ಅಕ್ಕ ಗೌರತ್ತೆ ಎಡೆ ಇಡುತ್ತಿದ್ದಳು. ಅಜ್ಜನ ಹೆಸರಾದ ಮೇಲೆ ಅವಳ ಕೈ ನಿಂತಿತು.

“ಹಂಪವ್ವನ ಹೆಸರು ನಿನಗ ಯಾರು ಹೇಳಿದ್ರು?” ಎಂದಳು.

“ಯಾವ ಹಂಪವ್ವ? ನಾ ಕರದೇ ಇಲ್ಲ.”

ಅಪ್ಪ ಅತ್ತೆಯ ಮೇಲೆ ಹರಿಹಾಯ್ದ. “ನೀನ ಹೇಳಿರ್ತಿ. ನಿನ್ನ ಹೊಟ್ಟ್ಯಾಗ ಏನರ ಉಳಿತೈತೇನು?”

“ಮೂವತ್ತು ವರ್ಷ ಉಳಿಸಿಕೊಂಡೀನಲ್ಲೋ ತಮ್ಮಾ! ನಮ್ಮಪ್ಪ ಇದ್ದಾಗ ಬಾಯಿ ಬಿಡದಾಕಿ ಈಗ ಬಿಡ್ತೀನೇನು?”

ಪೂಜೆಯನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದ ಅಮ್ಮ ಅದನ್ನು ನನಗೆ ಕೇಳಿಸಿದಳು. ಅಜ್ಜನ ಹೆಸರಿನ ಬೆನ್ನಿಗೇ, ನನ್ನದೇ ದನಿಯಲ್ಲಿ, ಸ್ಪಷ್ಟವಾಗಿ ‘ಹಂಪವ್ವ’.

ಹಂಪವ್ವ ಅಜ್ಜನ ಹಿರಿಮಗಳಂತೆ. ಕುರಿ ಸಾಕುವ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಹರಪನಹಳ್ಳಿಯಲ್ಲಿದ್ದಳು, ನಮ್ಮೂರಿನಿಂದ ಒಂದೇ ಬಸ್ಸಿನ ಹಾದಿ. ಹೆರಿಗೆಯಲ್ಲಿ ಸತ್ತಾಗ ಅಜ್ಜ ಮಣ್ಣು ಕೊಡಲೂ ಹೋಗಲಿಲ್ಲ. ಅವಳನ್ನು ಬಿಟ್ಟು ಹಾಡಲು ಹೆಳವರು ಒಪ್ಪದಿದ್ದಾಗ ಹೆಳವರನ್ನೇ ಬಿಟ್ಟ. ಇಷ್ಟನ್ನೂ ಅತ್ತೆ ಅಳುತ್ತಾ ಹೇಳಿದಳು. “ನಿನಗ ಯಾಕ ಕೊಟ್ಟ ಅಂತಿ ವಂಶಾವಳಿ? ಆಕಿ ಸುದ್ದಿ ಗೊತ್ತಿಲ್ಲದೋರೊಳಗ ನೀನ ದೊಡ್ಡಾಕಿ.”

ನನ್ನ ಅಚ್ಚುಕಟ್ಟು ನೋಡಿ ಕೊಟ್ಟನೆಂದು ತಿಳಿದಿದ್ದೆ. ಅಜ್ಜನಿಗೆ ಬೇಕಾಗಿದ್ದದ್ದು ನನ್ನ ಅಜ್ಞಾನ. ಅಮ್ಮನಿಗೂ ಗೊತ್ತಿತ್ತು. ನನ್ನ ಬೆನ್ನು ತಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಅಪ್ಪ ಆ ವಿಡಿಯೊ ಅಳಿಸಿದ. ವಂಶಾವಳಿಯಲ್ಲಿ ಆ ಹೆಸರು ಬರೆದರೆ ಮುಂದೆ ಪೂಜೆಯಲ್ಲಿ ನಾನು ಹೆಸರು ಕರೆಯುವಂತಿಲ್ಲ ಎಂದ. ಅತ್ತೆ ಮಾತ್ರ ಅವನೆದುರಿಗೇ ಹಂಪವ್ವನ ಎಡೆ ಇಟ್ಟಳು. ಮರುದಿನ ನಾನು ಬರೆದೆ, ಅಜ್ಜನ ಕೆಳಗೆ, ಅತ್ತೆಗಿಂತ ಮೊದಲು. ಈಗ ಹೆಸರು ಕರೆಯುವುದು ಚಿಕ್ಕಪ್ಪ. ಅವನು ಅಜ್ಜನ ಹೆಸರಿಗೇ ನಿಲ್ಲಿಸುತ್ತಾನೆ.

ಚಿಕ್ಕವಳಿದ್ದಾಗ ಎಲ್ಲೋ ಕಿವಿಗೆ ಬಿದ್ದಿರಬೇಕೆಂದು ಮನೆಯವರನ್ನೆಲ್ಲ ಕೇಳಿದೆ. ನಿನ್ನ ಮುಂದೆ ಯಾರೂ ಆ ಹೆಸರು ಎತ್ತಿಲ್ಲ ಎನ್ನುತ್ತಾರೆ. ಇಷ್ಟು ವರ್ಷ ಮುಚ್ಚಿಟ್ಟವರ ಮಾತನ್ನು ಹೇಗೆ ನಂಬಲಿ? ಹಾಗೆಂದು, ಕರೆದದ್ದೇ ತಿಳಿಯದ ನನ್ನ ಬಾಯನ್ನಾದರೂ ಹೇಗೆ ನಂಬಲಿ? ಪ್ರತಿ ಹೆಸರಿನ ಮುಂದೆ ಅದನ್ನು ಹೇಳಿದವರು ಯಾರೆಂದು ಬರೆಯುವುದು ನನ್ನ ಪದ್ಧತಿ. ಹಂಪವ್ವನ ಹೆಸರಿನ ಮುಂದೆ ಏನು ಬರೆಯಬೇಕೋ ಇಂದಿಗೂ ತಿಳಿದಿಲ್ಲ.