ಕೊನೆಯ ಬಣ್ಣ

ನಮ್ಮ ಅತ್ತಿಗೆ ಪೀಣ್ಯದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕಸೂತಿ ಮೆಷಿನ್ ಇಟ್ಟುಕೊಂಡಿದ್ದರು. ಡಿಸೈನ್ ಫೈಲ್ ಹಾಕಿದರೆ ಮೆಷಿನ್ನೇ ಹೊಲಿಯುತ್ತದೆ. ಬೇರೆ ಊರಿನ ಕಸೂತಿಯವರೊಡನೆ ಇಂಟರ್‌ನೆಟ್ಟಿನಲ್ಲಿ ಡಿಸೈನ್ ಅದಲುಬದಲು ಮಾಡಿಕೊಳ್ಳುವುದು ಅವರಲ್ಲಿ ವಾಡಿಕೆ. ಹೀಗೇ ಒಬ್ಬ ಮಹಾಶಯ ಅತ್ತಿಗೆಯ ಮಾವಿನಕಾಯಿ ಬುಟ್ಟಾ ತರಿಸಿಕೊಂಡು, ನಾಮ ಹಾಕಿ ಮಾಯವಾಗಿದ್ದ. ಸೀರೆಯಾದರೆ ಜಗಳವಾಡಿ ವಾಪಸ್ ಪಡೆಯಬಹುದು. ಫೈಲ್ ಹೋಯಿತೆಂದರೆ ಹೋಯಿತು.

ಆಮೇಲೆ ಅತ್ತಿಗೆ ಒಂದು ಉಪಾಯ ಹೂಡಿದರು. ಡಿಸೈನನ್ನು ಒಂದೊಂದೇ ಬಣ್ಣವಾಗಿ ಬಿಡಿಸಿ ಕಳಿಸುವುದು. ನಮ್ಮದೊಂದು ಬಣ್ಣ ಹೋದರೆ ಅವರದೊಂದು ಬರಬೇಕು. ಅದನ್ನು ಹಳೇ ಬಟ್ಟೆಯ ಮೇಲೆ ಹೊಲಿದು ನೋಡಿದ ಮೇಲೆಯೇ ಮುಂದಿನದು. ಕಣ್ಣಿಲ್ಲದ ನವಿಲು, ಕಳಶವಿಲ್ಲದ ಗೋಪುರ ಯಾರಿಗೆ ಬೇಕು? ಅವರ ಬುದ್ಧಿಗೆ ನಾನು ಅಂದೇ ಶರಣು ಅಂದಿದ್ದೆ.

ಆದರೆ ಕೊನೆಯ ಬಣ್ಣವನ್ನು ಯಾರಾದರೊಬ್ಬರು ಮೊದಲು ಕೊಡಲೇಬೇಕಲ್ಲ.

ಒಮ್ಮೆ ಒಂದು ಧಾರೆ ಸೀರೆಗೆ ಗೋಪುರದ ಅಂಚು ಬೇಕಿತ್ತು. ಮದುವೆ ಮನೆಯವರು ಸಂಜೆ ಸೀರೆ ತೆಗೆದುಕೊಂಡೇ ದಾವಣಗೆರೆ ಬಸ್ಸು ಹತ್ತುವವರಿದ್ದರು. ಗೋಪುರವಿದ್ದದ್ದು ಸೇಲಂನ ಒಬ್ಬ ಹೆಂಗಸಿನ ಬಳಿ; ಆಕೆಗೆ ನಮ್ಮ ನವಿಲು ಬೇಕಿತ್ತು. ಉಳಿದ ಬಣ್ಣಗಳೆಲ್ಲ ಅದಲುಬದಲಾದ ಮೇಲೆ, ಕೊನೆಯದನ್ನು ಆಕೆಯೇ ಧೈರ್ಯ ಮಾಡಿ ಮೊದಲು ಕೊಟ್ಟಳು: ಕಳಶದ ಬಣ್ಣ ಕಳಿಸಿದಳು. ಅದು ಬಂದು ತಲುಪಿದ್ದೇ ತಡ, ನೆಟ್ ಹೋಯಿತು. ರಸ್ತೆ ಅಗೆಯುತ್ತಿದ್ದವರು ಕೇಬಲ್ಲಿಗೆ ಗುದ್ದಲಿ ಹಾಕಿದ್ದರು. ಆಕೆಯ ಫೋನ್ ನಂಬರೂ ನಮ್ಮಲ್ಲಿರಲಿಲ್ಲ.

"ಅತ್ತಿಗೆ, ಗೋಪುರ ಪೂರ್ತಿ ಬಂದಿದೆ, ಕರೆಂಟೂ ಇದೆ. ಹೊಲಿಯೋಕೆ ಹಾಕ್ಬಿಡಿ. ನೆಟ್ ಬಂದ್ಮೇಲೆ ಕಳ್ಸಿದ್ರಾಯ್ತು," ಎಂದೆ.

"ಅಲ್ಲೀವರ್ಗೂ ಆಯಮ್ಮ ನನ್ನ ಏನಂದ್ಕೋಬೇಕು? ಅವ್ರೂ ಒಂದ್ಸಲ ಮೋಸ ಹೋದೋರೇ ಕಣಪ್ಪ."

"ಸೀರೆ ಲೇಟಾದ್ರೆ?"

"ಬೈಸ್ಕೋತೀನಿ. ನಮ್ದು ಹೋಗೋವರ್ಗೂ ಅವ್ರದ್ದು ಸೀರೆಗೆ ಹಾಕಲ್ಲ. ಕಳ್ಳಿ ಅನ್ನಿಸ್ಕೊಳ್ಳಲ್ಲ."

ನವಿಲಿನ ಕಣ್ಣನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಮ್ಮ ಬೀದಿಯ ಸೈಬರ್ ಸೆಂಟರಿನಲ್ಲೂ ನೆಟ್ ಇರಲಿಲ್ಲ. ಬಸ್ಸು ಹಿಡಿದು ಜಾಲಹಳ್ಳಿ ಕ್ರಾಸಿಗೆ ಹೋಗಿ, ಕಳಿಸಿ, ಬೆವರೊರೆಸಿಕೊಳ್ಳುತ್ತ ಬರುವ ಹೊತ್ತಿಗೆ ಮದುವೆ ಮನೆಯವರು ಬಾಗಿಲಲ್ಲೇ ಕೂತಿದ್ದರು. ಅವರು ಅಂದದ್ದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಅತ್ತಿಗೆ ತಲೆಯೆತ್ತದೆ ಅಂಚು ಹಾಕಿಸಿದರು. ಬಸ್ಸು ತಪ್ಪಿತು. ಆ ಗಿರಾಕಿ ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ. ಅತ್ತಿಗೆಯ ಮೇಲಿನ ನನ್ನ ಗೌರವ ಮಾತ್ರ ದುಪ್ಪಟ್ಟಾಯಿತು.

ದೀಪಾವಳಿಯ ಹೊತ್ತಿಗೆ ಅದೇ ಸೇಲಂನವರಿಂದ ಕಮಲದ ಡಿಸೈನ್ ಬೇಕಾಯಿತು. ಅತ್ತಿಗೆ ಎಂದಿನಂತೆ ನಮ್ಮ ಮೊದಲ ಬಣ್ಣ ಬಿಡಿಸುತ್ತ ಕೂತಿದ್ದರು. ಅದನ್ನಿನ್ನೂ ಕಳಿಸಿರಲಿಲ್ಲ, ಅಷ್ಟರಲ್ಲಿ ಆ ಕಡೆಯಿಂದ ಕಮಲ ಬಂದಿತ್ತು, ಎಲ್ಲ ಬಣ್ಣಗಳೂ ಒಟ್ಟಿಗೆ.