ಗರಿಕೆ ತೆಗೆದ ಭರಣಿ

ಭರಣಿಯ ಪಕ್ಕ ಏಳು ಎಸಳು ಗರಿಕೆ ಬಿದ್ದಿತ್ತು. ತಿ. ನರಸೀಪುರದ ಹಾಸ್ಟೆಲಿನಿಂದ ತಂಗಿ ರಶ್ಮಿ ಕಳಿಸಿದ ಫೋಟೊ ಅದು. ಗ್ರಹಣದ ದಿನ ಅವಳ ರೂಮಿನ ಗೆಳತಿ, ಮೂಗೂರಿನ ಮಹದೇವಿ, ಮನೆಯ ವಾಡಿಕೆಯಂತೆ ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ ಇಟ್ಟಿದ್ದಳು. ಬಿ.ಎಸ್‌ಸಿ. ಓದುವ ನನ್ನ ತಂಗಿ, ಏನಾಗುತ್ತದೋ ನೋಡೋಣವೆಂದು ಅದನ್ನು ತೆಗೆದುಬಿಟ್ಟಿದ್ದಳು. ಮೈಲಿಗೆಯಾಯಿತೆಂದು ಮಹದೇವಿ ಭರಣಿಯನ್ನು ಬಾಗಿಲಾಚೆ ಇಟ್ಟಳು. ಸೋಮವಾರ ಕೊಡಲು ಬೇರೆ ರೂಮಿಗೆ ಅರ್ಜಿಯನ್ನೂ ಬರೆದಿಟ್ಟಳು. ಭರಣಿಯಲ್ಲಿದ್ದದ್ದು ತೀರಿಕೊಂಡ ಅವಳ ಅಜ್ಜಿ ಕೊನೆಯದಾಗಿ ಹಾಕಿದ್ದ ಉಪ್ಪಿನಕಾಯಿ.

ಶನಿವಾರ ಮೈಸೂರಿನಿಂದ ಎಂಟು ಗಂಟೆಯ ಬಸ್ಸು ಹಿಡಿದೆ. ಹೆಂಗಸರಿಗೆ ಸೊನ್ನೆ ದರದ ಟಿಕೆಟ್. ತಾಂಡವಪುರ ದಾಟುವಾಗ ತುಂತುರು ಮಳೆ. ನೇರ ನರಸೀಪುರಕ್ಕೇ ಹೋಗಬಹುದಿತ್ತು. ಆದರೆ ನಂಜನಗೂಡಿನಲ್ಲಿರುವ ನನ್ನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಮೊದಲು ಕಾಣಬೇಕೆನಿಸಿತು.

ದಾರಿಯಲ್ಲೇ ನಮ್ಮ ಶಾಲೆ. ಹೊಂಗೆಮರ ಇನ್ನೂ ಇದೆ. ಒಂದು ಸೂರ್ಯಗ್ರಹಣದ ದಿನ ಮೇಷ್ಟ್ರು ನಮ್ಮನ್ನು ಅದರಡಿ ನಿಲ್ಲಿಸಿ, ಎಲೆಗಳ ಸಂದಿಯಿಂದ ನೆಲಕ್ಕೆ ಬಿದ್ದ ನೂರಾರು ಕುಡುಗೋಲಿನಂಥ ಪುಟ್ಟ ಸೂರ್ಯರನ್ನು ತೋರಿಸಿದ್ದರು. ನಾನು ಲಂಗ ಅಗಲಿಸಿ ಹತ್ತಿಪ್ಪತ್ತನ್ನು ಅದರ ಮೇಲೆ ಹಿಡಿದಿದ್ದೆ. ಗ್ರಹಣ ಬಿಟ್ಟ ಕೂಡಲೇ ಅವರು ಕಪಿಲೆಗೆ ಸ್ನಾನಕ್ಕೆ ಹೊರಟರು.

"ಬರೀ ನೆರಳು ಅಂದ್ರಲ್ಲ ಸಾ, ಮತ್ಯಾಕೆ ಸ್ನಾನ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೆರಳನ್ನ ತೋರಿಸಿದ್ದಾಯ್ತು. ಸ್ನಾನ ನಮ್ಮಮ್ಮನಿಗೆ ಕೊಟ್ಟ ಮಾತು. ನಿನ್ನನ್ನೇನು ನೀರಿಗೆ ತಳ್ಳಿದ್ನೇನೋ?" ಎಂದು ಮೇಷ್ಟ್ರು ನಕ್ಕಿದ್ದರು.

ಈಗ ಅವರ ಕಣ್ಣು ಮಂದ, ಮಾತಲ್ಲ. ಅವರ ಮನೆಯಲ್ಲಿ ಕೂತು ಭರಣಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು.

"ಒಂದೇ ಭರಣಿ ಇಟ್ಕೊಂಡು ಅದೇನಮ್ಮ ಪ್ರಯೋಗ? ಹೋಲಿಸೋಕೆ ಇನ್ನೊಂದೆಲ್ಲಿ? ನಿನ್ನ ತಂಗಿದು ವಿಜ್ಞಾನ ಅಲ್ಲ, ಚೇಷ್ಟೆ."

"ಮಹದೇವಿದು?"

"ಆ ಮಗೂಗೂ ಅರ್ಧವೇ ಗೊತ್ತು. ಮೊಸರಿಗೆ, ಎಣ್ಣೆಲಿ ಇರೋದಕ್ಕೆ ಗ್ರಹಣದ ದೋಷ ಇಲ್ಲ ಅಂತ ನಮ್ಮ ತಂದೆ ಶಾಸ್ತ್ರ ತೆಗೆದು ತೋರಿಸೋರು. ನನಗೆರಡು ಹೋಳು ಕಳಿಸೋಕೆ ಹೇಳು, ತಿಂತೀನಿ."

ನರಸೀಪುರ ತಲುಪಿದಾಗ ಮಧ್ಯಾಹ್ನ. ಹಾಸ್ಟೆಲಿನಲ್ಲಿ ಭರಣಿ ಚಪ್ಪಲಿಗಳ ಸಾಲಿನ ಪಕ್ಕದಲ್ಲಿತ್ತು. ಒಳಗೆ ಇಬ್ಬರೂ ಎರಡು ಗೋಡೆಗೆ ಮುಖಮಾಡಿ ಓದುತ್ತಿದ್ದರು. ಮೇಷ್ಟ್ರು ಹೇಳಿದ್ದನ್ನು ಹಾಗೆಯೇ ಹೇಳಿದೆ.

"ಅದು ಎಣ್ಣೆಲೇ ಮುಳ್ಗಿರೋದು ಕಣಕ್ಕ," ಎಂದಳು ಮಹದೇವಿ. "ನಮ್ಗ್ಯಾರೂ ಇಂಗಂತ ಏಳ್ಕೊಡ್ನಿಲ್ಲ." ಆಮೇಲೆ ರಶ್ಮಿಯ ಕಡೆ ತಿರುಗಿದಳು. "ನೀನು ಕೇಳ್ಬೌದಿತ್ತು."

"ಕೇಳಿದ್ರೆ ತೆಗೆಯೋಕೆ ಬಿಡ್ತಿದ್ಯಾ?"

"ಊಹೂಂ. ಅದ್ಕೇ ಕದ್ದು ತೆಗ್ದುಬುಟ್ಯಾ, ಸೈಂಟಿಸ್ಟಮ್ಮ?"

"ತಪ್ಪಾಯ್ತು ಕಣೇ," ಎಂದಳು ರಶ್ಮಿ. ಅವಳು ಅತ್ತದ್ದನ್ನು ನೋಡದಂತೆ ನಾನು ಹೊರಗೆ ಹೋಗಿ ಭರಣಿ ಎತ್ತಿಕೊಂಡು ಬಂದೆ.

ಮೇಷ್ಟ್ರಿಗೆ ಕಳಿಸಲು ರಶ್ಮಿ ಒಂದೇ ಅಳತೆಯ ಎರಡು ಡಬ್ಬಿ ಹುಡುಕಿದಳು. ಮಹದೇವಿ ಎರಡಕ್ಕೂ ಉಪ್ಪಿನಕಾಯಿ ಹಾಕಿ, ಒಂದರ ಮೇಲೆ ಮಾತ್ರ ಗರಿಕೆ ಇಟ್ಟಳು. ಸುತ್ತಲು ಕಾಗದ ಸಿಗಲಿಲ್ಲ. ದಿಂಬಿನಡಿಯಿಂದ ತನ್ನ ಅರ್ಜಿ ತೆಗೆದು ಅದರಲ್ಲೇ ಸುತ್ತಿ ಕೊಟ್ಟಳು. ಸಂಜೆಯ ಬಸ್ಸಿಗೆ ಮೈಸೂರಿಗೆ ಮರಳಿದೆ.

ಮರುದಿನ ಬೆಳಿಗ್ಗೆ ಮತ್ತೆ ನಂಜನಗೂಡಿಗೆ ಹೋದೆ. ಮೇಷ್ಟ್ರು ನದಿಯಿಂದ ಇನ್ನೂ ಬಂದಿರಲಿಲ್ಲ. ಅವರ ಮನೆಯ ಮೆಟ್ಟಿಲ ಮೇಲೆ ಕೂತು, ಎಣ್ಣೆ ಹಿಡಿದ ಅರ್ಜಿಯನ್ನು ಬಿಡಿಸಿ, ಎರಡು ಡಬ್ಬಿಯಿಂದಲೂ ಒಂದೊಂದು ಹೋಳು ತಿಂದೆ.